ಬಚ್ಚಲ ನೀರು ಹೋದಲ್ಲಿ ಹಸಿರು

ಚಳಿಗಾಲದ ಕೈತೋಟ ಅಂದ್ರೆ ನಮ್ಮ ಕರಾವಳಿಯವ್ರಿಗೆ ನಗು ಬರ್ತದೆ. ಚಳಿ ಎಲ್ಲುಂಟು ನಮಗೆ? ಪುಷ್ಯದಲ್ಲಿ ಬೆಳಗಿನ ಜಾವ ಒಂದು ಚಾದರ ಹೊದ್ದುಕೊಂಡ್ರೆ ಹೆಚ್ಚಾಯ್ತು, ಹತ್ತು ಗಂಟೆಗೆ ಬೆವರು ಒರೆಸಿಕೊಳ್ಳೂದು ಶುರು. ಆದ್ರೆ ಗಿಡಕ್ಕೆ ಕಷ್ಟದ ಕಾಲ ನಮ್ಮಲ್ಲೂ ಉಂಟು. ಅದು ಚಳಿಯಿಂದ ಬರೂದಲ್ಲ, ಒಣಗಿನಿಂದ ಬರೂದು. ಭಟ್ಕಳದ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ, ಅದ್ರಲ್ಲಿ ಹೆಚ್ಚಿನದು ಜೂನಿನಿಂದ ಸಪ್ಟೆಂಬರಿನ ಒಳಗೇ ಸುರಿದು ಮುಗೀತದೆ. ದೀಪಾವಳಿ ಕಳೀತಿದ್ದಂಗೆ ಮೋಡವೂ ಇಲ್ಲ. ಮತ್ತೆ ಸರಿಯಾದ ಮಳೆ ಕಾಣೂದು ಮುಂದಿನ ಮೇ ಕೊನೆಗೋ ಜೂನಿಗೋ. ನಡುವಿನ ಐದಾರು ತಿಂಗಳು ನೆಲ ತನ್ನ ಹೊಟ್ಟೆ ತಾನೇ ನೋಡಿಕೊಳ್ಳಬೇಕು.

ಆ ತಿಂಗಳಲ್ಲಿ ನಮ್ಮ ಜಾಲಿಯ ಯಾವ ಹಿತ್ತಲಿಗೆ ಬೇಕಾದ್ರೂ ಹೋಗಿ ನೋಡಿ. ಮಳೆಗಾಲದಲ್ಲಿ ಕಾಲಿಡೂಕೆ ಜಾಗ ಇಲ್ದಷ್ಟು ಬೆಳೆದಿದ್ದ ತಗಟೆ ಸೊಪ್ಪು ಬರೀ ಕಡ್ಡಿಯಾಗಿ ನಿಂತಿರ್ತದೆ. ನೆಲನೆಲ್ಲಿ ಎಲೆ ಉದುರಿಸಿ ಹೋಗಿರ್ತದೆ. ಕರ್ಣಕುಂಡಲ ಇತ್ತು ಅಂತ ನೆನಪೂ ಇರೂದಿಲ್ಲ. ಚಿರೆಕಲ್ಲಿನ ಪಾಗಾರದ ಮೇಲೆ ಹಸಿರು ಮಖಮಲ್ಲಿನ ಹಂಗೆ ಇದ್ದ ಪಾಚಿ ಕರ್ರಗೆ ಹೊಟ್ಟಾಗಿರ್ತದೆ. ಬೆಳಿಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸಿತು ಅಂದ್ರೆ ಮನೆ ಒಳಗೆ ಕೆಂಪು ಧೂಳು.

ಅಂಥಾ ಹೊತ್ತಿನಲ್ಲೂ ನೆಲ ಬಿಡದೆ, ಹಸಿರು ಬಿಡದೆ ಹಬ್ಬಿಕೊಂಡಿರೂ ಗಿಡಗಳು ನಮ್ಮಲ್ಲಿ ಉಂಟು. ಅವು ಪೇಟೆಯಿಂದ ತಂದದ್ದಲ್ಲ, ನಮ್ಮ ಊರಿನವೇ. ನಮ್ಮ ಕಣ್ಣಿಗೆ ಬೀಳೂದಿಲ್ಲ, ಅಷ್ಟೇ.

ನಂಗೂ ಅದು ತಲೆಗೆ ಹೋದದ್ದು ಅಕ್ಕನ ಮಗಳ ದೆಸೆಯಿಂದ. ಅವಳು ಇರೂದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಜನವರಿಯಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡಿ ಮನೆ ಹಿಂದಿನ ತೋಟ ತೋರಿಸಿದಳು. ಮರಕ್ಕೆ ಒಂದು ಎಲೆ ಇಲ್ಲ, ನೆಲದಲ್ಲಿ ಹಿಮ. ಆ ಹಿಮದ ನಡುವೆ ಒಂದು ಜರಿಗಿಡ ಮಾತ್ರ ಹಸಿರಾಗಿ ಇತ್ತು. ಅದ್ಕೆ ಅಲ್ಲಿ ಕ್ರಿಸ್ಮಸ್ ಫರ್ನ್ ಅಂತಾರಂತೆ, ಕ್ರಿಸ್ಮಸ್ ಬಂದ್ರೂ ಎಲೆ ಹಸಿರಾಗಿಯೇ ಇರ್ತದೆ ಅಂತ ಆ ಹೆಸರು. ಅದು ಅಲ್ಲಿಯ ಕಾಡಿನದೇ ಗಿಡ. ಚಳಿಗಾಲದಲ್ಲಿ ತೋಟ ಸತ್ತು ಮಲಗಿದ ಹಂಗೆ ಕಾಣಬಾರ್ದು ಅಂತ ಅಲ್ಲಿಯ ಜನ ಇಂಥಾ ಊರ ಗಿಡಗಳನ್ನೇ ಹುಡುಕಿ ನೆಲಕ್ಕೆ ಹಬ್ಬಿಸ್ತಾರಂತೆ. "ಚಿಕ್ಕಮ್ಮಾ, ನಮ್ಮೂರಲ್ಲಿ ಹಂಗೆ ಎಂತ ಉಂಟು?" ಅಂತ ಕೇಳಿದಳು. ತಕ್ಷಣಕ್ಕೆ ಬಾಯಿಗೆ ಬಂದದ್ದು ಒಂದೆಲಗ ಒಂದೇ. ಉಳಿದದ್ದು ಹೇಳೂಕೆ ಹಿತ್ತಲಿಗೇ ಹೋಗಿ ನೋಡಬೇಕಾಯ್ತು.

ಸರಿಯಾಗಿ ಕೂತು ಲೆಕ್ಕ ಹಾಕೂ ಪ್ರಸಂಗ ಬಂದದ್ದು ಮುಂದಿನ ವರ್ಷ, ಮಗನ ಮದುವೆ ಗೊತ್ತಾದಾಗ.

ಮಗ ಮಸ್ಕತ್ತಿನಲ್ಲಿ ಕೆಲಸದಲ್ಲಿದಾನೆ. ಮದುವೆ ಏಪ್ರಿಲಿನಲ್ಲಿ ಅಂತ ಆಯ್ತು. ನವೆಂಬರಿನಲ್ಲೇ ಫೋನ್ ಮಾಡಿ ಹೇಳಿದ, "ಅಮ್ಮಾ, ಮುಂದೆ ಹಿಂದೆ ಎರಡೂ ಕಡೆ ಇಂಟರ್‌ಲಾಕ್ ಹಾಕ್ಸುವ. ದುಡ್ಡು ನಾ ಕಳಿಸ್ತೆ. ಬಂದವ್ರಿಗೆ ಧೂಳಿಲ್ಲ, ಮಳೆಗೆ ಕೆಸರಿಲ್ಲ, ನಿಂಗೆ ಗುಡಿಸೂದು ಸುಲಭ. ಅಜ್ಜಿ ಜಾರಿ ಬೀಳೂದೂ ಇಲ್ಲ." ಅವ ಹೇಳಿದ್ರಲ್ಲಿ ಒಂದು ಮಾತೂ ಸುಳ್ಳಲ್ಲ. ನಮ್ಮ ಕೇರಿಯಲ್ಲಿ ಈಗ ಅರ್ಧಕ್ಕರ್ಧ ಮನೆಗೆ ಇಂಟರ್‌ಲಾಕ್ ಬಂದಿದೆ. ನೋಡೂಕೆ ಚಂದವೇ.

ಮುಂದಿನ ಅಂಗಳಕ್ಕೆ ನಂದೇನೂ ತಕರಾರು ಇರಲಿಲ್ಲ. ನಮ್ಮ ಹಿರಿಯರೂ ಮುಂದಿನ ಅಂಗಳದಲ್ಲಿ ಹುಲ್ಲು ಬಿಟ್ಟವ್ರಲ್ಲ. ಮಳೆ ಮುಗಿದು ತುಳಸಿ ಪೂಜೆ ಬರೂದ್ರೊಳಗೆ ಅಂಗಳ ಕೆತ್ತಿ, ಮಣ್ಣು ಹಾಕಿ, ನೀರು ಚಿಮುಕಿಸಿ, ಹಲಗೆಯಲ್ಲಿ ಹೊಡೆದು ಹದ ಮಾಡಿ, ಸಗಣಿ ಸಾರಿಸೂದು. ಭತ್ತ ಒಣಗಿಸೂಕೆ, ಅಡಿಕೆ ಒಣಗಿಸೂಕೆ, ಹಪ್ಪಳ ಸಂಡಿಗೆಗೆ ಬೇಕಲ್ಲ? ಹಾವು ಬಂದ್ರೆ ಕಣ್ಣಿಗೆ ಬೀಳಬೇಕು ಅಂತಲೂ ಹೌದು. ನೆಲ ಎಲ್ಲಾ ಹಸಿರಾಗಿರಬೇಕು ಅಂತ ನಮ್ಮವ್ರು ಯಾವತ್ತೂ ಹೇಳಲಿಲ್ಲ. ಒಣಗಬೇಕಾದದ್ದು ಮುಂದೆ, ತಂಪಿರಬೇಕಾದದ್ದು ಹಿಂದೆ, ಅದು ಅವ್ರ ಲೆಕ್ಕ.

ಹಿಂದೆ ಅಂದ್ರೆ ಅಡುಗೆಮನೆ ಬಾಗಿಲಿನಿಂದ ಬಾವಿಕಟ್ಟೆ ತನಕದ ನೆಲ. ಅಲ್ಲಿ ಪಾತ್ರೆ ತಿಕ್ಕಿದ ನೀರು ಒಂದು ಕಡೆ, ಬಚ್ಚಲ ನೀರು ಒಂದು ಕಡೆ, ಬಾವಿಕಟ್ಟೆಯಲ್ಲಿ ಕೊಡ ತುಂಬುವಾಗ ಚೆಲ್ಲಿದ ನೀರು ಇನ್ನೊಂದು ಕಡೆ. ಹಳೇ ಮನೆಗಳಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ, ಬಾಳೆಯಿಂದ ಕೆಸುವಿಗೆ, ಕೆಸುವಿನಿಂದ ತೆಂಗಿನ ಬುಡಕ್ಕೆ ಅಂತ ಸಣ್ಣ ಕಾಲುವೆ ತೆಗೆದಿರ್ತಿದ್ರು. ನಮ್ಮಲ್ಲಿ ಚಳಿಗಾಲದ ಹಸಿರು ಬೇರೆಲ್ಲೂ ಇರೂದಿಲ್ಲ, ಈ ನೀರು ಹೋದ ದಾರಿಯಲ್ಲೇ ಇರ್ತದೆ. ಬೇರೆ ನೀರು ಹೊತ್ತು ಹಾಕೂ ಕೆಲಸ ಇಲ್ಲ, ಮನೆಯಲ್ಲಿ ಬಳಸಿ ಬಿಟ್ಟ ನೀರೇ ಸಾಕು. ಇಡೀ ಹಿತ್ತಲು ಹಸಿರು ಮಾಡ್ತೇನೆ ಅಂತ ಹೊರಟ್ರೆ ಬಾವಿ ಬತ್ತಿ ಹೋದೀತು. ನೀರು ತಾನಾಗಿ ಹೋಗೂ ಜಾಗದಲ್ಲಿ ಸರಿಯಾದ ಗಿಡ ಇಟ್ರೆ ಅದು ತಾನಾಗಿ ಉಳೀತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳೂಕೆ ನಂಗೆ ಬರಲಿಲ್ಲ. ಮಗ ಕೇಳಿದ, "ಹಿಂದೆ ಎಂತ ಉಂಟಮ್ಮಾ? ಬಚ್ಚಲ ನೀರು, ಕೆಸರು, ಕಾಡು." ನಾನಂದೆ, "ಒಂದು ವಾರ ಬಿಡು, ಎಂತ ಉಂಟು ಅಂತ ಬರೆದು ಕಳಿಸ್ತೇನೆ. ಓದಿ ನೀನೇ ಹೇಳು."

ಬರೆಯೂಕೆ ಕೂತದ್ದು ನಾನು, ಬರೆಸಿದ್ದು ಅತ್ತೆ. ಅವ್ರಿಗೆ ಎಂಬತ್ಮೂರು. ಎರಡೂ ಕಣ್ಣಿನ ನೋಟ ಹೆಚ್ಚುಕಮ್ಮಿ ಹೋಗಿದೆ. ಬೆಳಕು, ನೆರಳು ಗೊತ್ತಾಗ್ತದೆ, ಮುಖ ಗೊತ್ತಾಗೂದಿಲ್ಲ. ಆದ್ರೆ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಮುಟ್ಟಿ, ಉಜ್ಜಿ ಮೂಸಿ ನೋಡಿ ಹೆಸರು ಹೇಳ್ತಾರೆ. ತಪ್ಪಿದ್ದು ನಾ ಕಾಣೆ.

ಮೊದಲನೇದು ಒಂದೆಲಗ. ಪಾತ್ರೆ ತಿಕ್ಕೂ ಕಲ್ಲಿನ ಹಿಂದೆ, ತೆಂಗಿನ ನೆರಳಲ್ಲಿ ಒಂದು ಚಾಪೆ ಹಾಸಿದಷ್ಟು ಜಾಗದಲ್ಲಿ ಉಂಟು. ಒಂದು ತೊಟ್ಟಿಗೆ ಒಂದೇ ಎಲೆ, ದುಂಡಗೆ, ಅಂಚು ಸಣ್ಣಗೆ ಕಚ್ಚಿದ ಹಂಗೆ. ದಾರದಂಥಾ ಬಳ್ಳಿ ನೆಲದ ಮೇಲೆ ಓಡ್ತಾ ಗಂಟು ಗಂಟಿಗೆ ಬೇರು ಬಿಡ್ತದೆ. ಅದ್ಕೇ ಅದು ಮಣ್ಣನ್ನು ಹೊಲಿದ ಹಂಗೆ ಹಿಡ್ಕೊಳ್ಳೂದು. ನೆರಳಲ್ಲಿ ತೊಟ್ಟು ಉದ್ದ, ಎಲೆ ಅಗಲ ಮತ್ತು ಮೆತ್ತಗೆ. ಬಿಸಿಲಲ್ಲಿ ತೊಟ್ಟು ಗಿಡ್ಡ, ಎಲೆ ಸಣ್ಣ, ಸ್ವಲ್ಪ ಒರಟು. ತಂಬುಳಿಗೆ ನೆರಳಿನದ್ದು ಒಳ್ಳೇದು. ಒಂದು ಹಿಡಿ ಎಲೆ ಬೇರು ಸಮೇತ ತೊಳೆದು, ನಾಲ್ಕು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ಅರೆದು, ಮಜ್ಜಿಗೆ ಉಪ್ಪು ಸೇರಿಸಿ, ತುಪ್ಪದ ಒಗ್ಗರಣೆ ಕೊಟ್ರೆ ಆಯ್ತು. ಶ್ರೀಲಂಕಾದಲ್ಲಿ ಇದೇ ಎಲೆಗೆ ಗೊಟುಕೊಳ ಅಂತಾರೆ, ಅವ್ರೂ ಸಣ್ಣಗೆ ಹೆಚ್ಚಿ ಕಾಯಿತುರಿ ಹಾಕಿ ನಿಂಬೆಹುಳಿ ಹಿಂಡಿ ಅನ್ನಕ್ಕೆ ಕಲಸಿ ಉಣ್ತಾರೆ. ಸಮುದ್ರದ ಆಚೆ ಇದ್ರೂ ನಾಲಿಗೆ ಒಂದೇ ನೋಡಿ.

ಎರಡನೇದು ನೀರು ಬ್ರಾಹ್ಮಿ. ಇಲ್ಲಿ ಹೆಸರಿನ ಗಲಾಟೆ ಉಂಟು. ಕೆಲವ್ರು ಒಂದೆಲಗಕ್ಕೇ ಬ್ರಾಹ್ಮಿ ಅಂತಾರೆ, ಕೆಲವ್ರು ಇದ್ಕೆ. ಎರಡೂ ಬೇರೆ ಬೇರೆ ಗಿಡ. ನೀರು ಬ್ರಾಹ್ಮಿಯ ಎಲೆ ಸಣ್ಣ, ದಪ್ಪ, ಉಗುರಿನಷ್ಟು. ಹೂ ಬಿಳಿ, ಒಂಚೂರು ನೀಲಿ ಛಾಯೆ. ಬಾವಿಕಟ್ಟೆಯ ಕೆಳಗೆ ಚೆಲ್ಲಿದ ನೀರು ಯಾವಾಗಲೂ ಜವುಳಾಗಿ ನಿಲ್ಲೂ ಜಾಗ ಇದ್ಕೆ ಬೇಕು. ಇದ್ರ ಒಂದು ಗುಣ ನಮ್ಮಂಥಾ ಸಮುದ್ರದ ಹತ್ರದವ್ರಿಗೆ ಉಪಕಾರದ್ದು, ನೀರು ಸ್ವಲ್ಪ ಉಪ್ಪಾದ್ರೂ ತಡ್ಕೊಳ್ತದೆ. ಏಪ್ರಿಲಿನಲ್ಲಿ ನಮ್ಮ ಬಾವಿ ನೀರು ಚೂರು ಸಪ್ಪೆ ಉಪ್ಪಾಗ್ತದೆ. ಆಗ ಒಂದೆಲಗದ ಎಲೆ ಅಂಚು ಸುಡ್ತದೆ, ನೀರು ಬ್ರಾಹ್ಮಿಗೆ ಎಂತದೂ ಆಗೂದಿಲ್ಲ.

ಮೂರನೇದು ಹೊನಗೊನೆ. ಬಚ್ಚಲ ಕಾಲುವೆ ಬಾಳೆ ಬುಡಕ್ಕೆ ಸೇರೂ ಕಡೆ ಹಬ್ಬಿದೆ. ಎಲೆ ಬುಡದಲ್ಲಿ ಬಿಳೀ ಗುಂಡಿಯ ಹಂಗೆ ಹೂ. ಪಲ್ಯಕ್ಕೆ ಒಳ್ಳೇದು, ಎಷ್ಟು ಚಿವುಟಿದ್ರೆ ಅಷ್ಟು ಕವಲು. ಚಿವುಟದೆ ಬಿಟ್ರೆ ಎದ್ದು ಕಾಡಾಗ್ತದೆ.

ನಾಲ್ಕನೇದು ಹಿಪ್ಪಲಿ. ಇದನ್ನು ಅತ್ತೆ ತಮ್ಮ ಬಾಣಂತನಕ್ಕೆ ಅಂತ ತವರಿನಿಂದ ತಂದು ನೆಟ್ಟದ್ದು. ಕಾಳುಮೆಣಸಿನ ಬಳ್ಳಿಯ ದಾಯಾದಿ, ಆದ್ರೆ ಅದರಷ್ಟು ಮರ ಹತ್ತೂ ಆಸೆ ಇದ್ಕಿಲ್ಲ, ನೆಲದಲ್ಲೇ ಹರೀತದೆ. ಎಲೆ ಹೃದಯದ ಆಕಾರ, ಕಡು ಹಸಿರು, ಹೊಳಪು. ತೆಂಗಿನ ಸಾಲಿನ ಕೆಳಗೆ, ಬೇರೆ ಎಂತದೂ ಬೆಳೆಯದ ನೆರಳಲ್ಲಿ ಇದು ಚಂದ ಆಗ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಕಾಯಿ ಬೇಕಾದ್ರೆ ಹೆಣ್ಣು ಬಳ್ಳಿಯ ತುಂಡೇ ಕೇಳಿ ತರಬೇಕು. ಮಳೆ ಮುಗಿದ ಮೇಲೆ ಬಲಿತ ಕಾಯಿ ಕೊಯ್ದು ಒಣಗಿಸಿಟ್ರೆ ವರ್ಷದ ಕೆಮ್ಮು ನೆಗಡಿ ಕಷಾಯಕ್ಕೆ ಆಯ್ತು. ಶುಂಠಿ, ಮೆಣಸು, ಹಿಪ್ಪಲಿ ಮೂರೂ ಸೇರಿದ್ರೆ ಆಯುರ್ವೇದದವ್ರ ತ್ರಿಕಟು. ಸಂಸ್ಕೃತದಲ್ಲಿ ಇದ್ಕೆ ಪಿಪ್ಪಲಿ. ಆ ಹೆಸರೇ ಗ್ರೀಕರ ಬಾಯಿಗೆ ಹೋಗಿ, ಲ್ಯಾಟಿನಿಗೆ ಹೋಗಿ, ಕೊನೆಗೆ ಇಂಗ್ಲಿಷಿನ ಪೆಪ್ಪರ್ ಆದದ್ದು. ತೆಂಗಿನ ಬುಡದಲ್ಲಿ ಸುಮ್ನೆ ಬಿದ್ದುಕೊಂಡ ಬಳ್ಳಿಯ ಹೆಸರು ಎಲ್ಲಿ ತನಕ ಹೋಗಿದೆ!

ಐದನೇದು ಬಾವಿ ಒಳಗೋಡೆಯ ಜರಿಗಿಡ. ಪಾಗಾರದ ಮೇಲಿನ ಜರಿ ಎಲ್ಲ ಡಿಸೆಂಬರಿಗೆ ಮುದುಡಿದ್ರೂ ಬಾವಿಯದ್ದು ಮಾತ್ರ ಹಸಿರು. ಬಾವಿಯ ತಂಪು ಗಾಳಿಯೇ ಅದ್ಕೆ ಸಾಕು. ಅದನ್ನು ನೆಟ್ಟವ್ರು ಯಾರೂ ಇಲ್ಲ.

ಆರನೇದು ಗರಿಕೆ. ಇದು ಬಿಸಿಲಿನದ್ದು. ಕಟ್ಟೆಯ ಪಶ್ಚಿಮಕ್ಕೆ, ಬಟ್ಟೆ ಒಗೆಯೂ ಕಲ್ಲಿನ ಆಚೆ. ಮಾರ್ಚಿನಲ್ಲಿ ಮೇಲೆಲ್ಲ ಹಳದಿ ಆದ್ರೂ ಬುಡದಲ್ಲಿ ಜೀವ ಇರ್ತದೆ, ಒಂದು ಕೊಡ ನೀರು ಬಿದ್ರೆ ವಾರದಲ್ಲಿ ಗಣಪತಿಗೆ ಇಪ್ಪತ್ತೊಂದು ಕುಡಿ ಸಿಕ್ತದೆ.

"ನೆಲಸಂಪಿಗೆ ಬರಿ" ಅಂದ್ರು ಅತ್ತೆ. ಅದು ಈಗ ಕಾಣೂದಿಲ್ಲ ಅಲ್ದಾ ಅತ್ತೆ, ಒಣಗಿ ಹೋಗಿದೆ ಅಂದೆ. "ಕಾಣದಿದ್ರೂ ಇದ್ದದ್ದು ಅದೆ ತಂಗಿ. ಅಲ್ಲಿ ಪಿಕಾಸಿ ಹಾಕ್ಬೇಡಿ ಅಂತ ಬರಿ" ಅಂದ್ರು. ಹೌದು, ನೆಲಸಂಪಿಗೆ ಚಳಿಗಾಲಕ್ಕೆ ಎಲೆ ಎಲ್ಲ ಬಿಟ್ಟು ಗೆಡ್ಡೆಯಾಗಿ ಮಲಗ್ತದೆ, ಬೇಸಿಗೆಯಲ್ಲಿ ಎಲೆ ಬರೂಕೂ ಮೊದಲು ಬರೀ ಮಣ್ಣಿನಿಂದ ಹೂ ಏಳ್ತದೆ. ಅದನ್ನೂ ಬರೆದೆ. ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಎರಡು ಪುಟ ಆಯ್ತು. ಫೋಟೋ ತೆಗೆದು ಮಗನಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಫೋನ್ ಬಂತು. "ಅಮ್ಮಾ, ಇಷ್ಟೆಲ್ಲ ಉಂಟು ಅಂತ ನಂಗೆ ಗೊತ್ತಿರ್ಲಿಲ್ಲ. ಆದ್ರೆ ಅಜ್ಜಿ ಬಿದ್ರೆ ಎಂತ ಮಾಡೂದು? ಸೊಂಟ ಮುರಿದ್ರೆ ಒಂದೆಲಗ ಸರಿ ಮಾಡ್ತದಾ?" ಅಂದ. ಇದ್ಕೆ ನನ್ನತ್ರ ಉತ್ತರ ಇರಲಿಲ್ಲ. ನಮ್ಮ ಸಂಬಂಧದಲ್ಲೇ ಒಬ್ರು ಅಜ್ಜಿ ಬಚ್ಚಲ ಹತ್ರ ಜಾರಿ ಬಿದ್ದವ್ರು ಮತ್ತೆ ಏಳಲಿಲ್ಲ. ಇವ್ರೂ ಮಗನ ಕಡೆಗೇ ವಾಲಿದ್ರು. "ಗಿಡ ಬೇಕಾದ್ರೆ ಕುಂಡದಲ್ಲಿ ಇಡುವ" ಅಂದ್ರು.

ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಕೇಳ್ತಿದ್ರು. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು, "ಮಗಾ, ನಂಗೆ ಕಣ್ಣಿಲ್ಲ. ಬಾಗಿಲು ದಾಟಿ ಕಾಲಿಗೆ ಮೆತ್ತಗೆ ತಾಗಿದ್ರೆ ಒಂದೆಲಗ, ಪಾತ್ರೆ ಕಲ್ಲು ಬಂತು. ತಂಪು ಹೆಚ್ಚಾದ್ರೆ ಬಾವಿ ಬಂತು. ಒರಟು ತಾಗಿದ್ರೆ ಗರಿಕೆ, ದಾರಿ ತಪ್ಪಿತು, ತಿರುಗಬೇಕು. ಎಲ್ಲಾ ಕಡೆ ಒಂದೇ ಕಲ್ಲು ಹಾಸಿದ್ರೆ ನಾ ಎಲ್ಲಿದ್ದೆ ಅಂತ ನಂಗೆ ಗೊತ್ತಾಗೂದು ಹೆಂಗೆ?"

ಮಗ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ಮೂವತ್ತು ವರ್ಷ ಅದೇ ನೆಲದಲ್ಲಿ ಅವ್ರ ಒಟ್ಟಿಗೆ ಓಡಾಡಿದವಳು ನಾನು, ಅವ್ರು ಕಾಲಿನಲ್ಲಿ ದಾರಿ ಓದ್ತಾರೆ ಅಂತ ಅವತ್ತೇ ತಿಳಿದದ್ದು.

ಕೊನೆಗೆ ಆದದ್ದು ಇಷ್ಟು. ಮುಂದೆ ಇಂಟರ್‌ಲಾಕ್ ಆಯ್ತು. ಹಿಂದೆ ಅಡುಗೆಮನೆ ಬಾಗಿಲಿನಿಂದ ಬಾವಿಗೆ, ಬಚ್ಚಲಿಗೆ ಎರಡು ದಾರಿ ಮಾತ್ರ ಚಿರೆಕಲ್ಲಿನಲ್ಲಿ ಮಾಡಿಸಿದೆವು. ಕಲ್ಲಿನ ಮೇಲ್ಮೈ ನುಣುಪು ಮಾಡ್ಬೇಡಿ, ಕೊಡಲಿ ಗುರುತು ಹಂಗೇ ಇರ್ಲಿ ಅಂತ ಹೇಳಿದೆ. ಒರಟಿದ್ರೆ ಪಾಚಿ ಕಟ್ಟಿದ್ರೂ ಕಾಲು ಹಿಡೀತದೆ. ಒಂದೊಂದು ಕಲ್ಲಿನ ನಡುವೆ ನಾಲ್ಕು ಬೆರಳು ಸಂದು ಬಿಡಿಸಿ ಮಣ್ಣು ತುಂಬಿಸಿದೆ. ಒಂದು ಬದಿಗೆ ಸೊಂಟದ ಎತ್ತರಕ್ಕೆ ಪೈಪು ಹಾಕಿಸಿದ್ರು ಇವ್ರು, ಹಿಡ್ಕೊಂಡು ಹೋಗೂಕೆ. ಸಂದಿನಲ್ಲಿ ಒಂದೆಲಗದ ತುಂಡು ಊರಿದೆ. ಮದುವೆ ದಿನ ಅಡುಗೆಯವ್ರು ಒಂದು ಮೂಲೆಯಲ್ಲಿ ಬಿಸಿ ಗಂಜಿ ಚೆಲ್ಲಿ ಅಷ್ಟೂ ಬೆಂದು ಹೋಯ್ತು. ಆಷಾಢಕ್ಕೆ ಬದಿಯ ಬಳ್ಳಿ ಬಂದು ಆ ಜಾಗ ಮುಚ್ಚಿತು.

ನೆಲ ತೆರೆದಿದ್ರೆ ಬಾವಿ ತುಂಬ್ತದೆ ಅಂತೆಲ್ಲ ಈ ಒಂದು ತುಂಡು ಹಿತ್ತಲು ಹಿಡ್ಕೊಂಡು ನಾನು ದೊಡ್ಡ ಮಾತು ಹೇಳೂದಿಲ್ಲ. ಆದ್ರೆ ಮಳೆ ನೆಲಕ್ಕೆ ಇಳಿಯೂಕೆ ದಾರಿ ಬೇಕು ಅಂಬುದು ಯಾರಿಗೂ ಗೊತ್ತಿದ್ದದ್ದೇ. 2022ರ ಆಗಸ್ಟ್ ಮೊದಲ ವಾರ ನೆನಪು ಮಾಡಿಕೊಳ್ಳಿ. ಒಂದೇ ರಾತ್ರಿ ಬೆಳಗಾಗೂದ್ರೊಳಗೆ ಭಟ್ಕಳದಲ್ಲಿ ಐನೂರು ಮಿಲಿಮೀಟರಿಗೂ ಮೇಲೆ ಮಳೆ. ಮುಟ್ಟಳ್ಳಿಯಲ್ಲಿ ಗುಡ್ಡ ಜಾರಿ ಮನೆ ಮೇಲೆ ಬಿದ್ದು ನಾಲ್ಕು ಜನ ಹೋದ್ರು. ಅಂಥಾ ಮಳೆಗೆ ಒಂದೆಲಗ ಅಡ್ಡ ನಿಲ್ತದೆ ಅಂತ ಯಾರೂ ತಿಳಿಯೂದು ಬೇಡ. ನಾ ಕಂಡದ್ದು ಇಷ್ಟೇ. ಅವತ್ತು ನಮ್ಮ ಹಿತ್ತಲಿನ ಬರೀ ಮಣ್ಣು ಇದ್ದಲ್ಲಿ ಮೊಣಕೈ ಆಳದ ಕೊರಕಲು ಬಿತ್ತು, ಒಂದೆಲಗ ಹಿಪ್ಪಲಿ ಹಬ್ಬಿದಲ್ಲಿ ಮಣ್ಣು ಕದಲಲಿಲ್ಲ.

ಇದೇ ಕೆಲಸ ಸಮುದ್ರದ ದಂಡೆಯಲ್ಲಿ ಮಾಡೂದು ಅಡಂಬು ಬಳ್ಳಿ. ಜಾಲಿ ಬೀಚಿಗೆ ಹೋದವ್ರೆಲ್ಲ ನೋಡಿರ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ಹೊಯ್ಗೆಯ ಮೇಲೆ ಮಾರುಗಟ್ಟಲೆ ಓಡ್ತದೆ, ಎಲೆ ನಡುವೆ ಸೀಳಿ ಆಡಿನ ಗೊರಸಿನ ಹಂಗೆ ಇರ್ತದೆ, ಬೆಳಿಗ್ಗೆ ನೇರಳೆ ಬಣ್ಣದ ಹೂ. ಇದ್ರ ಬೀಜ ಸಮುದ್ರದಲ್ಲಿ ತೇಲಿ ಹೋಗಿ ಬೇರೆ ದಂಡೆಯಲ್ಲಿ ಹುಟ್ತದೆ. ಹಂಗಾಗಿ ಜಗತ್ತಿನ ಬಿಸಿ ದೇಶಗಳ ದಂಡೆಯಲ್ಲೆಲ್ಲ ಈ ಬಳ್ಳಿ ಉಂಟು. ನಡು ಬೇಸಿಗೆಯಲ್ಲೂ, ಕಾಲಿಡೂಕಾಗದಷ್ಟು ಕಾದ ಹೊಯ್ಗೆಯಲ್ಲೂ ಹಸಿರು. ಮನೆ ದಂಡೆಗೆ ಹತ್ರ ಇದ್ದು, ಹಿತ್ತಲು ಬರೀ ಹೊಯ್ಗೆ, ಪೂರ್ತಿ ಬಿಸಿಲು ಅಂತಾದ್ರೆ ಒಂದೆಲಗದ ಆಸೆ ಬಿಟ್ಟು ಇದನ್ನು ಹಬ್ಬಿಸಿ. ಆದ್ರೆ ದಂಡೆಯಿಂದ ಕಿತ್ತು ತರಬೇಡಿ, ಅಲ್ಲಿ ಹೊಯ್ಗೆ ಹಿಡಿದಿಟ್ಟದ್ದು ಅದೇ. ಒಣಗಿದ ಬೀಜ ನಾಲ್ಕು ಹೆಕ್ಕಿ ತಂದ್ರೆ ಸಾಕು. ಸಿಪ್ಪೆ ಗಟ್ಟಿ, ಕಲ್ಲಿಗೆ ಒಂಚೂರು ಉಜ್ಜಿ ರಾತ್ರಿ ನೀರಲ್ಲಿ ನೆನೆಸಿ ಹಾಕಬೇಕು.

ಇನ್ನು ನರ್ಸರಿಯವ್ರು ನೆಲ ಮುಚ್ಚೂಕೆ ಅಂತ ಕೊಡೂ ಹಳದಿ ಹೂವಿನ ಬಳ್ಳಿಯ ವಿಷಯ. ವೆಡೀಲಿಯಾ ಅಂತ ಹೆಸರು. ದಪ್ಪ ಹಸಿರು ಎಲೆ, ವರ್ಷಪೂರ್ತಿ ಸೇವಂತಿಗೆಯಂಥಾ ಸಣ್ಣ ಹೂ, ನೀರು ಕೇಳೂದಿಲ್ಲ. ನೋಡಿದ ಕೂಡ್ಲೇ ಬೇಕು ಅನ್ನಿಸ್ತದೆ. ಅದು ಮೂಲದಲ್ಲಿ ಅಮೆರಿಕ ಖಂಡದ ಬಿಸಿ ಸೀಮೆಯದ್ದು. ಜಗತ್ತಿನಲ್ಲಿ ಊರು ಬಿಟ್ಟು ಊರಿಗೆ ಹೋಗಿ ಅತಿ ಹೆಚ್ಚು ಹಾಳು ಮಾಡಿದ ನೂರು ಜೀವಿಗಳ ಪಟ್ಟಿಯಲ್ಲಿ ಅದ್ರ ಹೆಸರೂ ಉಂಟು. ಹೊನ್ನಾವರದ ನನ್ನ ನಾದಿನಿ ಮನೆಯಲ್ಲಿ ಗೇಟಿನ ಬದಿಗೆ ಅಂತ ನಾಲ್ಕು ಕಡ್ಡಿ ಊರಿದ್ದು, ಮೂರನೇ ಮಳೆಗಾಲಕ್ಕೆ ಪಾಗಾರ ದಾಟಿ, ಹಿತ್ತಲು ತುಂಬಿ, ಒಂದೆಲಗ ಇದ್ದ ಜಾಗ ಯಾವುದು ಅಂತ ಗುರುತಿಲ್ಲದ ಹಂಗೆ ಮಾಡಿತು. ಕಿತ್ತು ಎಸೆದ ತುಂಡೂ ಬೇರು ಬಿಡ್ತದೆ. ಹಸಿರು ಎಲ್ಲಾ ಒಂದೇ ಅಲ್ಲ ಅಂಬುದು ಅಲ್ಲಿ ನೋಡಬೇಕು. ಒಂದೆಲಗದ ನಡುವೆ ನೆಲಸಂಪಿಗೆ ಏಳೂಕೆ ಜಾಗ ಉಂಟು, ಗರಿಕೆ ಬದಿಗೆ ಹೊನಗೊನೆಗೂ ಜಾಗ ಉಂಟು. ವೆಡೀಲಿಯಾದ ನಡುವೆ ಯಾರಿಗೂ ಜಾಗ ಇಲ್ಲ.

ಮಾಡಬೇಕು ಅಂತ ಇದ್ದವ್ರಿಗೆ ನನ್ನ ಅನುಭವದ ನಾಲ್ಕು ಮಾತು.

ಮೊದಲು ಒಂದು ದಿನ ಸುಮ್ನೆ ನೀರು ನೋಡಿ. ನಿಮ್ಮನೆ ಪಾತ್ರೆ ನೀರು, ಬಚ್ಚಲ ನೀರು ಎಲ್ಲಿ ಹೋಗ್ತದೆ, ಎಲ್ಲಿ ನಿಲ್ತದೆ ಅಂತ. ಡಿಸೆಂಬರಿನಲ್ಲೂ ಒದ್ದೆ ಇರೂ ಜಾಗವೇ ನಿಮ್ಮ ಚಳಿಗಾಲದ ತೋಟ. ಅದು ಎರಡು ಚಾಪೆಯಷ್ಟೇ ಇದ್ರೂ ಬೇಜಾರು ಬೇಡ.

ನೆಡೂದು ಜೂನ್ ಜುಲೈಯಲ್ಲಿ. ಮಳೆಗಾಲದಲ್ಲಿ ಬೇರು ಇಳಿದ್ರೆ ಮಾತ್ರ ಗಿಡ ಒಣಗಿನ ಕಾಲ ದಾಟ್ತದೆ. ಗಂಟಿನಲ್ಲಿ ಬೇರಿದ್ದ ತುಂಡು ಒಂದೊಂದು ಗೇಣಿಗೆ ಒಂದರಂತೆ ಊರಿ. ಮೊದಲ ವರ್ಷ ನವೆಂಬರಿಗೆ ಸುತ್ತ ದರಕು ಹಾಸಿ, ತೆಂಗಿನ ಸಿಪ್ಪೆ ಇದ್ರೆ ಅದನ್ನೂ ಬೋರಲು ಹಾಕಿ. ಎರಡನೇ ವರ್ಷಕ್ಕೆ ಅದ್ರ ನೆಲ ಅದೇ ಮುಚ್ಚಿಕೊಳ್ತದೆ.

ಸೋಪಿನ ವಿಷಯ. ಹಿಂದೆ ಪಾತ್ರೆಗೆ ಬೂದಿ, ತಲೆಗೆ ಸೀಗೆ, ಆ ನೀರು ಗಿಡಕ್ಕೆ ಹೋದ್ರೆ ತೊಂದ್ರೆ ಇರಲಿಲ್ಲ. ಈಗಿನ ಪುಡಿ ಸೋಪಿನ ನೊರೆ ನೀರು ದಿನಾ ಒಂದೇ ಕಡೆ ಬಿದ್ರೆ ಒಂದೆಲಗ ಹಳದಿ ಆಗ್ತದೆ. ನಾನು ಬಟ್ಟೆ ಒಗೆದ ನೀರು ಬೇರೆ ಕಡೆ ಬಿಡ್ತೇನೆ. ಪಾತ್ರೆಯ ಮೊದಲ ನೊರೆ ನೀರು ಬಾಳೆಗೆ, ಗಲಬರಿಸಿದ ನೀರು ಒಂದೆಲಗಕ್ಕೆ. ನೀರು ಹರಿದು ಇಂಗಬೇಕು, ನಿಲ್ಲಬಾರ್ದು, ನಿಂತ್ರೆ ಸೊಳ್ಳೆ. ತಿನ್ನೂ ಸೊಪ್ಪು ಬೇಕಾದ್ರೆ ತೊಳೆದ ನೀರು ಮುಟ್ಟದ ಒಂದು ತುಂಡು ಬೇರೆ ಇಟ್ಕೊಳ್ಳಿ, ಬಾವಿಕಟ್ಟೆ ಬದಿಯದ್ದು ಒಳ್ಳೇದು. ರಸ್ತೆ ಗಟಾರದ ಬದಿಯಲ್ಲಿ ಎಷ್ಟು ಚಂದ ಬೆಳೆದಿದ್ರೂ ಅದನ್ನು ಕೊಯ್ದು ತಿನ್ನೂದು ಬೇಡ, ಗಟಾರದ ನೀರಲ್ಲಿ ಎಂತೆಂತದು ಇರ್ತದೋ.

ಹಾವಿನ ಹೆದರಿಕೆ ಎಲ್ಲರಿಗೂ ಉಂಟು, ನಂಗೂ ಉಂಟು. ಒಂದೆಲಗ, ನೀರು ಬ್ರಾಹ್ಮಿ ಹಿಮ್ಮಡಿಯಿಂದ ಮೇಲೆ ಏಳೂದಿಲ್ಲ, ಓಡಾಡೂ ಕಡೆ ಅವನ್ನೇ ಇಡಿ. ಹಿಪ್ಪಲಿ, ಹೊನಗೊನೆ ಬಾಗಿಲಿನಿಂದ ದೂರ. ರಾತ್ರಿ ಬ್ಯಾಟರಿ ಇಲ್ದೆ ಹಿತ್ತಲಿಗೆ ಇಳೀಬೇಡಿ, ಇಂಟರ್‌ಲಾಕ್ ಇದ್ರೂ ಇಳೀಬೇಡಿ.

ಸೊಸೆ ಬಂದು ಈಗ ಏಳು ತಿಂಗಳು. ಘಟ್ಟದ ಮೇಲಿನವಳು, ಅವಳಿಗೆ ನಮ್ಮ ಸೆಕೆಯೇ ದೊಡ್ಡ ಕಷ್ಟ. ಮೊನ್ನೆ ಮಧ್ಯಾಹ್ನ ಊಟ ಆದ ಮೇಲೆ ಅಡುಗೆಮನೆ ಹಿಂದೆ ಚಪ್ಪಲಿ ಬಿಟ್ಟು ಅತ್ತೆ ಒಟ್ಟಿಗೆ ನಿಂತಿದ್ದಳು. ಅತ್ತೆ ಅವಳಿಗೆ ಕಣ್ಣು ಮುಚ್ಚಿಸಿ, ಈಗ ಎಲ್ಲಿದ್ದಿ ಹೇಳು ಅಂತ ಕೇಳ್ತಿದ್ರು. ಅವಳು ಎರಡು ಸಲ ತಪ್ಪಿದಳು, ಮೂರನೇ ಸಲ ಬಾವಿ ಅಂತ ಸರಿಯಾಗಿ ಹೇಳಿದಳು.

ಒಂದೆಲಗದ ತುಂಡು, ಹೆಣ್ಣು ಹಿಪ್ಪಲಿಯ ಕುಡಿ ಬೇಕಾದವ್ರು ಜೂನಿನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ಬನ್ನಿ, ಕೊಡ್ತೇನೆ. ಈಗ ಕೇಳ್ಬೇಡಿ. ಈಗ ಕಿತ್ರೆ ನಿಮ್ಮಲ್ಲೂ ಬದುಕೂದಿಲ್ಲ, ನಮ್ಮಲ್ಲೂ ಉಳಿಯೂದಿಲ್ಲ. ತಂಬುಳಿ ಬೇಕಾದ್ರೆ ಯಾವತ್ತು ಬಂದ್ರೂ ಆದೀತು.